ಹೃದಯ ಸೋತ ಅಪ್ಪನನ್ನು ನಡೆಸಬೇಕೇ, ಕೂರಿಸಬೇಕೇ? ಅದೂ ಈ ಏರುತಗ್ಗಿನ ಊರಿನಲ್ಲಿ

ಕಗ್ಗೋಡ್ಲಿನ ಮಗಳು (ಜೂನ್ 9)

ನನ್ನ ತಂದೆಗೆ ಈಗ 71 ವರ್ಷ. ಸೇನೆಯಿಂದ ಸುಬೇದಾರರಾಗಿ ನಿವೃತ್ತರಾದ ಮೇಲೆ ಆರು ಎಕರೆ ಕಾಫಿ ತೋಟವನ್ನು ತಾವೇ ನೋಡಿಕೊಂಡು ಬಂದವರು. ಏಪ್ರಿಲ್‌ನಲ್ಲಿ ಮಲಗಿದರೆ ಉಸಿರು ಕಟ್ಟುತ್ತದೆ ಎಂದು ದಿಂಬಿನ ಮೇಲೆ ದಿಂಬು ಇಟ್ಟುಕೊಂಡು ಕುಳಿತೇ ನಿದ್ರೆ ಮಾಡತೊಡಗಿದರು. ಪಾದಗಳು ಊದಿ ಚಪ್ಪಲಿಯ ಪಟ್ಟಿ ಅಚ್ಚೊತ್ತುತ್ತಿತ್ತು. ಮೈಸೂರಿಗೆ ಕರೆದುಕೊಂಡು ಹೋದಾಗ ಹೃದಯದ ಸ್ಕ್ಯಾನ್ ಆದ ಎಕೋ ಪರೀಕ್ಷೆಯಲ್ಲಿ ಇಎಫ್, ಅಂದರೆ ಹೃದಯದಲ್ಲಿ ತುಂಬಿದ ರಕ್ತದಲ್ಲಿ ಪ್ರತಿ ಮಿಡಿತಕ್ಕೆ ಹೊರಗೆ ಹೋಗುವ ಪಾಲು, ಶೇ 30 ಎಂದು ಬಂತು. ಹೃದಯ ವೈಫಲ್ಯ ಎಂದರು. ಈಗ ಮಾತ್ರೆಗಳಿಂದ ಊತ ಇಳಿದಿದೆ, ಚಪ್ಪಟೆ ಮಲಗಿ ನಿದ್ರಿಸುತ್ತಾರೆ.

ಬಿಡುಗಡೆಯ ಚೀಟಿಯಲ್ಲಿ ಮಾತ್ರೆಗಳ ಪಟ್ಟಿಯ ಕೆಳಗೆ ಒಂದೇ ಸಾಲು ಇದೆ: ದಿನವೂ ನಡೆಯಬೇಕು. ಎಷ್ಟು, ಎಲ್ಲಿ, ಯಾವ ವೇಗದಲ್ಲಿ ಎಂಬುದು ಯಾವುದೂ ಇಲ್ಲ. ನಮ್ಮ ಮನೆ ರಸ್ತೆಯಿಂದ ಕೆಳಗೆ, ಇಳಿಜಾರಿನಲ್ಲಿದೆ. ಗೇಟಿನವರೆಗೆ ಹೋಗಬೇಕೆಂದರೂ ಏರಬೇಕು. ಅತ್ತೆಯಂದಿರು ಬಂದು, ಸೋತ ಎತ್ತಿನ ಹೆಗಲಿಗೆ ಮತ್ತೆ ನೊಗ ಇಡುತ್ತೀಯಾ ಎಂದು ನನ್ನನ್ನೇ ಬೈಯುತ್ತಾರೆ. ಅಪ್ಪನಿಗಂತೂ ಎರಡೇ ಗೇರು: ಒಂದೋ ಆರಾಮಕುರ್ಚಿ, ಇಲ್ಲವೇ ಪರೇಡಿನ ವೇಗ. ಮೇಲಾಗಿ ಮಳೆ ಹಿಡಿದುಕೊಂಡಿದೆ. ಅನುಭವ ಇರುವವರು ದಯವಿಟ್ಟು ತಿಳಿಸಿ.

ಸೋಮವಾರಪೇಟೆ ಮೇಷ್ಟ್ರು

ಮಗಳೇ, ನಿನ್ನ ಅತ್ತೆಯಂದಿರು ಹೇಳುವುದರಲ್ಲಿ ತಪ್ಪೇನಿದೆ? ನನ್ನ ತಂದೆಗೆ 1970ರ ದಶಕದಲ್ಲಿ ಇದೇ ಕಾಯಿಲೆ ಬಂದಾಗ ಡಾಕ್ಟರೇ ಹಾಸಿಗೆ ಬಿಟ್ಟು ಏಳಬಾರದು ಎಂದಿದ್ದರು. ಪಂಪು ಕೆಟ್ಟಿರುವಾಗ ಗದ್ದೆಗೆ ಹೆಚ್ಚು ನೀರು ಹಾಯಿಸು ಎಂದರೆ ಆಗುತ್ತದೆಯೇ?

ಓದುವ ವೈದ್ಯೆ

ಮೇಷ್ಟ್ರೇ, ಆ ಕಾಲದಲ್ಲಿ ಎಲ್ಲೆಡೆ ಅದೇ ಸಲಹೆ ಇತ್ತು. ನಿಮ್ಮ ತಂದೆಯವರ ವೈದ್ಯರ ತಪ್ಪು ಅದಲ್ಲ. ಆದರೆ ಹಾಸಿಗೆಯೇ ಒಂದು ಕಾಯಿಲೆ ಎಂಬುದು ಅಷ್ಟರಲ್ಲಾಗಲೇ ಗೊತ್ತಾಗತೊಡಗಿತ್ತು. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿ ನೋಡಿದರು. ಶ್ರಮದ ತುತ್ತತುದಿಯಲ್ಲಿ ದೇಹ ಎಷ್ಟು ಆಮ್ಲಜನಕವನ್ನು ಬಳಸಬಲ್ಲದು ಎಂಬ ಅಳತೆ ಅವರಲ್ಲಿ ಕಾಲು ಭಾಗಕ್ಕೂ ಹೆಚ್ಚು ಕುಸಿಯಿತು. ಮೂವತ್ತು ವರ್ಷಗಳ ಬಳಿಕ ಅದೇ ಐವರನ್ನು ಮತ್ತೆ ಕರೆದು ಅಳೆದಾಗ, ಮೂವತ್ತು ವರ್ಷಗಳ ಮುಪ್ಪು ಮಾಡಿದ ನಷ್ಟಕ್ಕಿಂತ ಆ ಮೂರು ವಾರಗಳ ಹಾಸಿಗೆ ಮಾಡಿದ ನಷ್ಟವೇ ದೊಡ್ಡದಾಗಿತ್ತು. ಆಮೇಲೆ ಆರು ತಿಂಗಳು ಕ್ರಮವಾಗಿ ವ್ಯಾಯಾಮ ಮಾಡಿಸಿದಾಗ, ಐವತ್ತು ವರ್ಷದ ಆ ಗಂಡಸರು ಇಪ್ಪತ್ತರ ವಯಸ್ಸಿನಲ್ಲಿ ಹಾಸಿಗೆ ಹಿಡಿಯುವ ಮುನ್ನ ಇದ್ದ ಮಟ್ಟಕ್ಕೆ ಮರಳಿದರು.

ಇನ್ನು ನಿಮ್ಮ ಪಂಪಿನ ಹೋಲಿಕೆ. ಹೃದಯ ವೈಫಲ್ಯದಲ್ಲಿ ಸುಸ್ತು ಬರುವುದು ಪಂಪಿನಿಂದ ಮಾತ್ರವಲ್ಲ, ಗದ್ದೆಯಿಂದಲೂ ಹೌದು. ತಿಂಗಳುಗಟ್ಟಲೆ ಕುಳಿತವರ ತೊಡೆಯ ಸ್ನಾಯು ಸವೆಯುತ್ತದೆ, ಬಂದ ಆಮ್ಲಜನಕವನ್ನು ಬಳಸುವ ಶಕ್ತಿ ಅದರ ಜೀವಕೋಶಗಳಲ್ಲಿ ಕುಗ್ಗುತ್ತದೆ, ರಕ್ತನಾಳಗಳು ಬೇಕಾದಾಗ ಹಿಗ್ಗುವುದನ್ನು ಮರೆಯುತ್ತವೆ. ವ್ಯಾಯಾಮ ಮುಖ್ಯವಾಗಿ ರಿಪೇರಿ ಮಾಡುವುದು ಈ ಭಾಗವನ್ನು. ಆದ್ದರಿಂದ ಆರು ತಿಂಗಳು ನಡೆದ ಮೇಲೆ ಎಕೋದಲ್ಲಿ ಇಎಫ್ ಹಾಗೆಯೇ ಇದ್ದರೂ ನಿರಾಶರಾಗಬೇಡಿ. ಮೆಟ್ಟಿಲು ಹತ್ತುವಾಗ ವ್ಯತ್ಯಾಸ ಕಾಣಬಹುದು.

ಕಗ್ಗೋಡ್ಲಿನವರಿಗೆ ಒಂದು ಮಾತು: ಊತ ಇಳಿದು, ತೂಕ ಸ್ಥಿರವಾಗಿ, ಮಾತ್ರೆಗಳು ಹೊಂದಿಕೊಂಡ ಮೇಲೆಯೇ ನಡಿಗೆ ಆರಂಭವಾಗಬೇಕು. ಚೀಟಿಯ ಆ ಒಂದು ಸಾಲನ್ನು ಮುಂದಿನ ಭೇಟಿಯಲ್ಲಿ ಹೃದ್ರೋಗ ತಜ್ಞರ ಮುಂದಿಟ್ಟು, ಎಷ್ಟು ಎಂದು ಕೇಳಿ ಬರೆಸಿಕೊಳ್ಳಿ. ಮಹಾಪಧಮನಿಯ ಕವಾಟ ತೀರಾ ಕಿರಿದಾಗಿದ್ದರೆ, ಕುಳಿತಾಗಲೂ ಎದೆನೋವು ಬರುತ್ತಿದ್ದರೆ, ಜ್ವರ ಇದ್ದರೆ ನಡಿಗೆ ಸಲ್ಲದು.

ಲೆಕ್ಕ ಕೇಳುವವ

ಡಾಕ್ಟರೇ, ಐವರು ಹುಡುಗರ ಮೇಲಿನ ಪ್ರಯೋಗವನ್ನು 71 ವರ್ಷದ ರೋಗಿಗೆ ಅನ್ವಯಿಸುವುದು ನ್ಯಾಯವೇ? ಹೃದಯ ವೈಫಲ್ಯ ಇರುವವರ ಮೇಲೆಯೇ ನಡೆದ ದೊಡ್ಡ ಪರೀಕ್ಷೆ 2009ರಲ್ಲಿ ಪ್ರಕಟವಾದ ಎಚ್‌ಎಫ್-ಆ್ಯಕ್ಷನ್. ಇಎಫ್ ಶೇ 35 ಅಥವಾ ಅದಕ್ಕಿಂತ ಕಡಿಮೆ ಇದ್ದ 2,331 ಜನರನ್ನು ಸುಮಾರು ಎರಡೂವರೆ ವರ್ಷ ಗಮನಿಸಿದರು. ಸಾವು ಅಥವಾ ಆಸ್ಪತ್ರೆ ಸೇರುವಿಕೆ ವ್ಯಾಯಾಮದ ಗುಂಪಿನಲ್ಲಿ ಶೇ 65, ಉಳಿದವರಲ್ಲಿ ಶೇ 68. ಈ ಮೂರರ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದು ಎಂದು ಅವರ ಮೊದಲ ಲೆಕ್ಕವೇ ಹೇಳಿತು. ಆಮೇಲೆ ರೋಗಿಗಳ ಸ್ಥಿತಿಗತಿಗಳನ್ನು ಸರಿದೂಗಿಸಿ ಲೆಕ್ಕ ಹಾಕಿದಾಗ ಮಾತ್ರ ಸ್ವಲ್ಪ ಲಾಭ ಕಂಡಿತು. ನಡೆದರೆ ಆಯುಷ್ಯ ಹೆಚ್ಚುತ್ತದೆ ಎಂದು ಯಾರೂ ಇಲ್ಲಿ ಭರವಸೆ ಕೊಡಬಾರದು.

ಓದುವ ವೈದ್ಯೆ

ಆಯುಷ್ಯ ಹೆಚ್ಚುತ್ತದೆ ಎಂದು ನಾನು ಎಲ್ಲಿ ಹೇಳಿದೆ? ನೀವು ಹೇಳಿದ ಲೆಕ್ಕ ಸರಿಯಾಗಿದೆ, ಆದರೆ ಅರ್ಧ ಹೇಳಿ ನಿಲ್ಲಿಸಿದ್ದೀರಿ. ಅದೇ ಪರೀಕ್ಷೆ ಇನ್ನೆರಡು ಸಂಗತಿಗಳನ್ನೂ ತೋರಿಸಿತು. ಹೃದಯ ದುರ್ಬಲವಾದವರು ವ್ಯಾಯಾಮ ಮಾಡಿದರೆ ಅಪಾಯ ಹೆಚ್ಚುವುದಿಲ್ಲ ಎಂಬುದು ಒಂದು. ಮೇಷ್ಟ್ರ ಭಯಕ್ಕೆ ಅದೇ ಉತ್ತರ. ನಿತ್ಯದ ಬದುಕಿನಲ್ಲಿ ರೋಗಿಗಳಿಗೆ ಹಿತವೆನಿಸಿತು ಎಂಬುದು ಎರಡನೆಯದು. ಇನ್ನೊಂದನ್ನೂ ಗಮನಿಸಿ: ಮೇಲ್ವಿಚಾರಣೆಯಲ್ಲಿ 36 ಸಲ ಮಾಡಿಸಿ ಮನೆಗೆ ಕಳುಹಿಸಿದ ಮೇಲೆ ಹೇಳಿದಷ್ಟು ಮಾಡಿದವರು ಕಡಿಮೆ. ಅರ್ಧ ಡೋಸು ನುಂಗಿದವರ ಮೇಲೆ ಔಷಧಿಯ ಬಲವನ್ನು ಅಳೆದಂತಾಯಿತು.

ಲೆಕ್ಕ ಕೇಳುವವ

ಒಪ್ಪಿದೆ. ಆದರೆ ಮನೆಗೆ ಹೋದ ಮೇಲೆ ಜನ ಬಿಡುತ್ತಾರೆ ಎಂಬುದೂ ಆ ಔಷಧಿಯ ಗುಣವೇ ಅಲ್ಲವೇ?

ಎರಡನೇ ಇನಿಂಗ್ಸ್

ಆರು ವರ್ಷಗಳಿಂದ ಈ ಕಾಯಿಲೆಯೊಂದಿಗೆ ಬದುಕುತ್ತಿರುವವನ ಮಾತನ್ನೂ ಕೇಳಿ. ನಾನು ಮೊದಲ ದಿನ ನಡೆದದ್ದು ಐದು ನಿಮಿಷ, ಮನೆಯ ಮುಂದಿನ ತೆಂಗಿನ ಮರದಿಂದ ಪಕ್ಕದ ಮನೆಯ ಗೇಟಿನವರೆಗೆ, ಎರಡು ಸಲ. ಒಮ್ಮೆಗೆ ಮೂವತ್ತು ನಿಮಿಷ ತಲುಪಲು ಮೂರು ತಿಂಗಳು ಹಿಡಿಯಿತು. ನನಗೆ ಅನುಕೂಲವಾದದ್ದು ಏನೆಂದರೆ ನಾನಿರುವುದು ಕುಶಾಲನಗರದಲ್ಲಿ; ಇಲ್ಲಿ ನೆಲ ಸಮತಟ್ಟು, ಮಳೆಯೂ ಮಡಿಕೇರಿಯಷ್ಟಿಲ್ಲ. ಮಡಿಕೇರಿಯ ಅಣ್ಣನ ಮನೆಗೆ ಹೋದರೆ, ಇಲ್ಲಿ ಅರ್ಧ ಗಂಟೆ ನಡೆಯುವವನು ಅಲ್ಲಿ ಬಸ್ ನಿಲ್ದಾಣದಿಂದ ಮೇಲೆ ಹತ್ತುವಾಗ ಮೂರು ಕಡೆ ನಿಂತು ಅಂಗಡಿಯ ಬೋರ್ಡು ಓದುವವನಂತೆ ನಟಿಸುತ್ತೇನೆ.

ಗೋಣಿಕೊಪ್ಪದ ಫಿಸಿಯೊ

ಇನಿಂಗ್ಸ್ ಅವರು ಹಾಸ್ಯದಲ್ಲಿ ಹೇಳಿದ್ದೇ ಈ ಚರ್ಚೆಯ ತಿರುಳು. ಬಯಲುಸೀಮೆಯವರಿಗಾಗಿ ಬರೆದ ಸಲಹೆಯನ್ನು ಕೊಡಗಿನವರು ಹಾಗೆಯೇ ನುಂಗಬಾರದು. ವ್ಯಾಯಾಮ ವಿಜ್ಞಾನದಲ್ಲಿ ನಡಿಗೆಗೆ ಬೇಕಾಗುವ ಆಮ್ಲಜನಕವನ್ನು ಅಂದಾಜು ಮಾಡುವ ಒಂದು ಸೂತ್ರವಿದೆ. ನಿಮಿಷಕ್ಕೆ 60 ಮೀಟರ್, ಅಂದರೆ ಗಂಟೆಗೆ 3.6 ಕಿ.ಮೀ. ವೇಗದಲ್ಲಿ ಸಮತಟ್ಟಿನಲ್ಲಿ ನಡೆದರೆ, ದೇಹದ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ ಸುಮಾರು 9.5 ಮಿ.ಲೀ. ಆಮ್ಲಜನಕ ಬೇಕು. ಅದೇ ವೇಗದಲ್ಲಿ, ನೂರು ಮೀಟರಿಗೆ ಹತ್ತು ಮೀಟರ್ ಏರುವ ದಾರಿಯಲ್ಲಿ ನಡೆದರೆ ಬೇಕಾಗುವುದು ಸುಮಾರು 20 ಮಿ.ಲೀ., ಅಂದರೆ ಎರಡು ಪಟ್ಟಿಗೂ ಹೆಚ್ಚು. ಹೃದಯ ವೈಫಲ್ಯ ಇರುವ ಅನೇಕರ ಗರಿಷ್ಠ ಸಾಮರ್ಥ್ಯವೇ 14 ಅಥವಾ 15ರ ಸುಮಾರಿನಲ್ಲಿರುತ್ತದೆ. ನಮ್ಮ ಎಸ್ಟೇಟುಗಳ ಗೇಟಿನ ದಾರಿ ಹತ್ತಕ್ಕೆ ಒಂದು ಏರುವುದು ಏನೂ ಅಪರೂಪವಲ್ಲ. ಹಾಗಾಗಿ ಸುಬೇದಾರರು ಗೇಟಿನವರೆಗೆ ಪರೇಡಿನ ವೇಗದಲ್ಲಿ ಹೋದರೆ ಅದು ವ್ಯಾಯಾಮವಲ್ಲ, ದೇಹಕ್ಕೆ ಇಲ್ಲದ ಹಣದ ಚೆಕ್ಕು ಬರೆದಂತೆ.

ಏರಲೇಬೇಕಾದಾಗ ವೇಗವನ್ನು ಅರ್ಧಕ್ಕೆ ಇಳಿಸಿದರೆ ಅದೇ ದಾರಿಗೆ 12 ಮಿ.ಲೀ. ಸಾಕಾಗುತ್ತದೆ. ದಾರಿಯಲ್ಲಿ ಎರಡು ಕಡೆ ಕುಳಿತುಕೊಳ್ಳಲು ಕಲ್ಲು ಹಾಕಿಸಿ. ತರಬೇತಿಯ ನಡಿಗೆಯನ್ನು ಮಾತ್ರ ಸಮತಟ್ಟಾದ ಜಾಗದಲ್ಲಿಯೇ ಇಟ್ಟುಕೊಳ್ಳಿ. ನಿಮ್ಮಲ್ಲಿ ಕಾಫಿ ಕಣ ಇದೆಯಲ್ಲವೇ? ಅದಕ್ಕಿಂತ ಒಳ್ಳೆಯ ಟ್ರ್ಯಾಕ್ ಜಿಲ್ಲೆಯಲ್ಲಿ ಬೇರೆಲ್ಲೂ ಸಿಗುವುದಿಲ್ಲ.

ಕಗ್ಗೋಡ್ಲಿನ ಮಗಳು

ಸಿಮೆಂಟಿನ ಕಣ ಇದೆ, ಆದರೆ ಜೂನ್ ಬಂದರೆ ಪಾಚಿ ಕಟ್ಟಿ ಕೋಳಿಗಳೂ ಜಾರುತ್ತವೆ. ಮನೆಯ ಮುಂದಿನ ಜಗಲಿ ಹನ್ನೊಂದು ಮೀಟರ್ ಉದ್ದವಿದೆ. ಅದು ಸಾಕೇ?

ಗೋಣಿಕೊಪ್ಪದ ಫಿಸಿಯೊ

ಧಾರಾಳವಾಗಿ ಸಾಕು. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಎಂದು ಅಳೆಯುವ ಪರೀಕ್ಷೆಯನ್ನು ಆಸ್ಪತ್ರೆಗಳಲ್ಲಿ 30 ಮೀಟರ್ ಉದ್ದದ ಓಣಿಯಲ್ಲಿ ಮಾಡಿಸುತ್ತಾರೆ; ಅದನ್ನು ನೀವು ಜಗಲಿಯಲ್ಲೇ ತಿಂಗಳಿಗೊಮ್ಮೆ ಮಾಡಿಸಬಹುದು. ಜಗಲಿ ಚಿಕ್ಕದಾದ್ದರಿಂದ ತಿರುವುಗಳು ಹೆಚ್ಚು, ಅಂಕೆ ಸ್ವಲ್ಪ ಕಡಿಮೆ ಬರುತ್ತದೆ. ಆದರೆ ನೀವು ಹೋಲಿಸುವುದು ಅವರ ಹಿಂದಿನ ತಿಂಗಳಿನ ಅಂಕೆಯೊಂದಿಗೆ ಮಾತ್ರ. ತಿರುಗುವಾಗ ತಲೆಸುತ್ತು ಬಾರದಂತೆ ನಿಧಾನವಾಗಿ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಲಿ. ಮನೆಯೊಳಗಿನ ಚಪ್ಪಲಿ ಬೇಡ, ಹಿಮ್ಮಡಿ ಹಿಡಿಯುವ ಶೂ ಇರಲಿ.

ಹಾಕಿ ಬ್ಯಾಕ್

ಇಷ್ಟು ನಿಧಾನ ಏಕೆ? ನಾರ್ವೆಯಲ್ಲಿ ಸರಾಸರಿ 75 ವರ್ಷದ ಹೃದಯ ವೈಫಲ್ಯದ ರೋಗಿಗಳಿಗೆ ನಾಲ್ಕು ನಿಮಿಷ ಜೋರು, ಮೂರು ನಿಮಿಷ ನಿಧಾನ, ಹೀಗೆ ನಾಲ್ಕು ಸುತ್ತು ಮಾಡಿಸಿ ಸಾಮರ್ಥ್ಯವನ್ನು ಶೇ 46ರಷ್ಟು ಏರಿಸಿದರು ಎಂದು ಓದಿದ್ದೇನೆ. ಕುಟುಂಬಗಳ ಹಾಕಿ ಪಂದ್ಯಕ್ಕೆ ನಾವು ತಯಾರಿ ನಡೆಸುವುದೂ ಹಾಗೆಯೇ. ನಿವೃತ್ತ ಸುಬೇದಾರರಿಗೆ ಅದೇ ಇಷ್ಟವಾಗುತ್ತದೆ.

ಲೆಕ್ಕ ಕೇಳುವವ

ಆ 2007ರ ಪ್ರಯೋಗದಲ್ಲಿ ಇದ್ದವರು ಒಟ್ಟು 27 ಜನ. ಅದನ್ನೇ 261 ಜನರ ಮೇಲೆ ಯುರೋಪಿನ ಹಲವು ಕೇಂದ್ರಗಳಲ್ಲಿ ಮಾಡಿ 2017ರಲ್ಲಿ ಪ್ರಕಟಿಸಿದಾಗ, ಜೋರಿನ ಸುತ್ತುಗಳು ಸಾಧಾರಣ ವೇಗದ ನಿರಂತರ ವ್ಯಾಯಾಮಕ್ಕಿಂತ ಮೇಲೆಂದು ಕಾಣಲಿಲ್ಲ. ಡಾಕ್ಟರರಿಗೆ ಕೇಳಿದ ಪ್ರಶ್ನೆಯನ್ನೇ ನಿಮಗೂ ಕೇಳುತ್ತಿದ್ದೇನೆ, ಪಕ್ಷಪಾತವಿಲ್ಲ.

ಗೋಣಿಕೊಪ್ಪದ ಫಿಸಿಯೊ

ಜೊತೆಗೆ, ಅವು ಮೇಲ್ವಿಚಾರಣೆಯಲ್ಲಿ ನಡೆದವು. ಆಂಬುಲೆನ್ಸ್ ಬರಲು ಎಷ್ಟು ಹೊತ್ತಾಗುತ್ತದೋ ಗೊತ್ತಿಲ್ಲದ ತೋಟದ ಮನೆಯಲ್ಲಿ ಅದನ್ನು ಮಾಡಿಸುವ ಧೈರ್ಯ ನನಗಿಲ್ಲ.

ಸಿದ್ದಾಪುರದ ಬೆಳೆಗಾರ

ನನ್ನದೊಂದು ಮೂಲಭೂತ ಪ್ರಶ್ನೆ. ತೋಟದಲ್ಲಿ ದಿನವಿಡೀ ಓಡಾಡುವವನಿಗೆ ಪ್ರತ್ಯೇಕ ವಾಕಿಂಗ್ ಏಕೆ ಬೇಕು? ನಾನು ಬೆಳಿಗ್ಗೆ ಏಳಕ್ಕೆ ಇಳಿದರೆ ಹನ್ನೊಂದಕ್ಕೆ ಹತ್ತಿ ಬರುತ್ತೇನೆ. ಇದಲ್ಲದೆ ನಮ್ಮ ಕಡೆ ಬೆಳಗಿನ ಜಾವ ರಸ್ತೆಯಲ್ಲಿ ವಾಕ್ ಹೋದರೆ ಎದುರಿಗೆ ಸಿಗುವುದು ಕಾಡಾನೆ; ಆಗ ಯಾವ ವೇಗದಲ್ಲಿ ನಡೆಯಬೇಕೆಂದು ಯಾವ ಸೂತ್ರವೂ ಬೇಕಾಗುವುದಿಲ್ಲ.

ಓದುವ ವೈದ್ಯೆ

ಆನೆಯ ವಿಷಯದಲ್ಲಿ ನಿಮ್ಮೊಂದಿಗೆ ಪೂರ್ಣ ಸಹಮತವಿದೆ. ಹೊರಗೆ ನಡೆಯುವುದಿದ್ದರೆ ಬಿಸಿಲು ಬಂದ ಮೇಲೆಯೇ ಸರಿ, ಚಳಿಯಲ್ಲಿ ರಕ್ತನಾಳಗಳು ಬಿಗಿದುಕೊಳ್ಳುವುದರಿಂದ ಹೃದಯಕ್ಕೂ ಅದೇ ಒಳ್ಳೆಯದು. ಕೆಲಸದ ಓಡಾಟವೂ ಲೆಕ್ಕಕ್ಕೆ ಬರುತ್ತದೆ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ, ಕುಳಿತೇ ಇರುವ ಚಾಲಕರಿಗಿಂತ ಹೃದಯಾಘಾತ ಕಡಿಮೆ ಎಂದು 1953ರಲ್ಲಿಯೇ ಜೆರ್ರಿ ಮಾರಿಸ್ ತೋರಿಸಿದ್ದರು. ಆದರೆ ಈಗಾಗಲೇ ದುರ್ಬಲವಾದ ಹೃದಯಕ್ಕೆ ತೋಟದ ಓಡಾಟದಲ್ಲಿ ಎರಡು ತೊಂದರೆಗಳಿವೆ. ಇಳಿಯುವುದು ಸುಲಭ, ಹತ್ತುವುದು ಮಿತಿಮೀರಿದ ಶ್ರಮ, ನಡುವೆ ನಿಂತು ಆಳುಗಳೊಂದಿಗೆ ಮಾತು. ಶ್ರಮ ಒಂದೇ ಹದದಲ್ಲಿ ಇಪ್ಪತ್ತು ನಿಮಿಷ ಸಾಗುವುದೇ ಇಲ್ಲ. ಎರಡನೆಯದು, ಗೊಬ್ಬರದ ಚೀಲ ಎತ್ತುವಾಗ ಉಸಿರು ಬಿಗಿಹಿಡಿಯುತ್ತೀರಿ, ರಕ್ತದೊತ್ತಡ ಥಟ್ಟನೆ ಏರುತ್ತದೆ. ನಿಮಗೆ ಕಾಯಿಲೆ ಇಲ್ಲವಾದ್ದರಿಂದ ನಿಮ್ಮ ಏಳರಿಂದ ಹನ್ನೊಂದು ಹಾಗೆಯೇ ಸಾಗಲಿ.

ನಾಪೋಕ್ಲು ಅಕ್ಕ

ನನಗೆ 68. ಎಕೋದಲ್ಲಿ ಇಎಫ್ ಶೇ 60 ಇದೆ, ಪಂಪು ಚೆನ್ನಾಗಿದೆ ಎಂದರು. ಆದರೂ ಹೃದಯ ವೈಫಲ್ಯ ಎಂದು ಬರೆದಿದ್ದಾರೆ. ಎರಡರಲ್ಲಿ ಯಾವುದು ಸುಳ್ಳು?

ಓದುವ ವೈದ್ಯೆ

ಎರಡೂ ನಿಜ, ಅಕ್ಕ. ನಿಮ್ಮ ಹೃದಯ ಹಿಂಡುವುದು ಸರಿಯಾಗಿದೆ, ಸಡಿಲಗೊಂಡು ತುಂಬಿಕೊಳ್ಳುವುದು ಸರಿಯಾಗಿಲ್ಲ. ಗೋಡೆ ಬಿಗಿದುಕೊಂಡಿರುವುದರಿಂದ ರಕ್ತ ಹಿಂದಕ್ಕೆ, ಶ್ವಾಸಕೋಶದ ಕಡೆಗೆ ಒತ್ತುತ್ತದೆ. ವಯಸ್ಸಾದ ಹೆಂಗಸರಲ್ಲಿ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೈತೂಕ ಇದ್ದವರಲ್ಲಿ ಇದು ಹೆಚ್ಚು. 2016ರಲ್ಲಿ ಇಂಥ ಕಾಯಿಲೆಯಿದ್ದ, ತೂಕ ಹೆಚ್ಚಾಗಿದ್ದ ನೂರು ಜನ ಹಿರಿಯರ ಮೇಲೆ ನಡೆದ ಪರೀಕ್ಷೆಯಲ್ಲಿ, 20 ವಾರಗಳ ವ್ಯಾಯಾಮವೂ ಊಟದ ಮಿತಿಯೂ ಪ್ರತ್ಯೇಕವಾಗಿ ಸಾಮರ್ಥ್ಯವನ್ನು ಹೆಚ್ಚಿಸಿದವು. ಎರಡನ್ನೂ ಮಾಡಿದವರಿಗೆ ಲಾಭ ಕೂಡಿಕೊಂಡಿತು.

ಈ ಬಿಗಿತ ಮುಪ್ಪಿನ ಸ್ವಭಾವವೂ ಹೌದು. ಕುಳಿತೇ ಇರುತ್ತಿದ್ದ 45ರಿಂದ 64 ವರ್ಷದ ಆರೋಗ್ಯವಂತರಿಗೆ ಎರಡು ವರ್ಷ ವ್ಯಾಯಾಮ ಮಾಡಿಸಿದಾಗ ಹೃದಯದ ಗೋಡೆ ಮತ್ತೆ ಮೃದುವಾದದ್ದನ್ನು 2018ರಲ್ಲಿ ತೋರಿಸಿದರು. 65 ದಾಟಿದವರಿಗೆ ಒಂದು ವರ್ಷ ಮಾಡಿಸಿದ ಇನ್ನೊಂದು ಪರೀಕ್ಷೆಯಲ್ಲಿ ಕಾಲಿನ ಕಸುವು, ದಮ್ಮು ಹೆಚ್ಚಿದವೇ ಹೊರತು ಆ ಬಿಗಿತ ಹೆಚ್ಚೇನೂ ಸಡಿಲವಾಗಲಿಲ್ಲ. ಈ ಚರ್ಚೆ ಓದುತ್ತಿರುವ ಐವತ್ತರ ಮಕ್ಕಳು ಅಪ್ಪಂದಿರ ನಡಿಗೆಯನ್ನು ಕುರ್ಚಿಯಲ್ಲಿ ಕುಳಿತು ನೋಡಬಾರದು ಎಂದು ನಾನು ಹೇಳುವುದು ಇದಕ್ಕಾಗಿ.

ನಾಪೋಕ್ಲು ಅಕ್ಕ

ಊಟದ ಮಿತಿ ಎಂದರೆ ಪಂದಿಕರಿಯೂ ಬೇಡವೇ? ಕೈಲ್‌ಪೊಳ್ದ್ ದಿನ ಕಡಂಬುಟ್ಟನ್ನು ಏನಕ್ಕೆ ಹಚ್ಚಿಕೊಂಡು ತಿನ್ನಲಿ?

ಓದುವ ವೈದ್ಯೆ

ಹಬ್ಬದ ದಿನ ಎರಡು ತುಂಡಿಗೆ ನಾನು ಅಡ್ಡ ಬರುವುದಿಲ್ಲ. ಉಪ್ಪಿನಕಾಯಿ, ಒಣಮೀನುಗಳನ್ನು ದೂರ ಇಡಿ. ದಿನವೂ ಬೆಳಿಗ್ಗೆ ಮೂತ್ರ ಮಾಡಿದ ಮೇಲೆ, ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಿ. ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಅಂದು ನಡಿಗೆ ನಿಲ್ಲಿಸಿ ವೈದ್ಯರಿಗೆ ಫೋನ್ ಮಾಡಿ.

ಕಗ್ಗೋಡ್ಲಿನ ಮಗಳು

ವೇಗದ ಪ್ರಶ್ನೆ ಉಳಿದಿದೆ. ಅಣ್ಣ ಕೈಗಡಿಯಾರ ತಂದುಕೊಟ್ಟಿದ್ದಾನೆ, ನಾಡಿಮಿಡಿತ ತೋರಿಸುತ್ತದೆ. 220ರಲ್ಲಿ ವಯಸ್ಸು ಕಳೆದರೆ 149, ಅದರ ಶೇ 70 ಎಂದರೆ 104. ಅಪ್ಪ ಏದುಸಿರು ಬಿಡುವಾಗಲೂ ಅದು 92 ದಾಟುವುದಿಲ್ಲ. ಗಡಿಯಾರ ಹಾಳೇ?

ಗೋಣಿಕೊಪ್ಪದ ಫಿಸಿಯೊ

ಗಡಿಯಾರ ಸರಿಯಾಗಿದೆ, ಸೂತ್ರ ಅವರಿಗೆ ಹೊಂದುವುದಿಲ್ಲ. ಮೆಟೊಪ್ರೊಲಾಲ್, ಕಾರ್ವೆಡಿಲಾಲ್, ಬಿಸೊಪ್ರೊಲಾಲ್ ಇವುಗಳಲ್ಲಿ ಒಂದು ಅವರ ಪಟ್ಟಿಯಲ್ಲಿ ಇರಲೇಬೇಕು, ನೋಡಿ. ಅವು ಮಿಡಿತವನ್ನು ತಡೆಹಿಡಿಯುತ್ತವೆ. 104ಕ್ಕೆ ತಲುಪಿಸಲೇಬೇಕೆಂದು ಹೊರಟರೆ ಅಪ್ಪ ಬೀಳುತ್ತಾರೆ. ಇಲ್ಲಿ ನಂಬಬೇಕಾದದ್ದು ಅವರ ಬಾಯಿಯನ್ನು. ನಡೆಯುತ್ತಾ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮಾತು ತುಂಡಾದರೆ ವೇಗ ಹೆಚ್ಚಾಯಿತು ಎಂದರ್ಥ. ಶ್ರಮ ಎಷ್ಟೆನಿಸುತ್ತದೆ ಎಂದು ನಡೆಯುವವರೇ 6ರಿಂದ 20ರವರೆಗೆ ಅಂಕ ಕೊಡುವ ಬೋರ್ಗ್ ಮಾಪನದಲ್ಲಿ ಇದು 11ರಿಂದ 13, ಹಗುರದಿಂದ ಸ್ವಲ್ಪ ಕಷ್ಟದವರೆಗೆ.

ಎರಡನೇ ಇನಿಂಗ್ಸ್

ತಂಗಿ, ಸೈನಿಕರನ್ನು ನಿಧಾನಗೊಳಿಸುವ ಉಪಾಯ ನನ್ನ ಹೆಂಡತಿಗೆ ಗೊತ್ತಿತ್ತು, ನಾನೂ ಸೇನೆಯವನೇ. ಪಕ್ಕದಲ್ಲಿ ನಡೆಯುತ್ತಾ ರೆಜಿಮೆಂಟಿನ ಕಥೆ ಕೇಳಿ. ಕಥೆ ನಿಂತರೆ ನೀವೂ ನಿಲ್ಲಿ.

ಕಗ್ಗೋಡ್ಲಿನ ಮಗಳು (ಸೆಪ್ಟೆಂಬರ್ 21)

ಮೂರು ತಿಂಗಳ ವರದಿ ಒಪ್ಪಿಸುತ್ತಿದ್ದೇನೆ. ತಜ್ಞರು ಮುಂದಿನ ಭೇಟಿಯಲ್ಲಿ ಹತ್ತು ನಿಮಿಷ, ದಿನಕ್ಕೆ ಎರಡು ಹೊತ್ತು ಎಂದು ಬರೆದುಕೊಟ್ಟರು; ವಾರಕ್ಕೊಮ್ಮೆ ಒಂದೆರಡು ನಿಮಿಷ ಸೇರಿಸುತ್ತಾ ಬಂದೆವು. ಅಪ್ಪ ಜಗಲಿಯ ಎರಡು ತುದಿಗಳಲ್ಲಿ ಎರಡು ಡಬ್ಬಿ ಇಟ್ಟು, ಒಂದು ಸುತ್ತಿಗೆ ಒಂದರಂತೆ ಅಡಕೆಯನ್ನು ಈ ಡಬ್ಬಿಯಿಂದ ಆ ಡಬ್ಬಿಗೆ ಸಾಗಿಸುತ್ತಾರೆ. ಲೇಹ್‌ನ ಕಥೆಯನ್ನು ನಾನು ಈಗ ಹನ್ನೆರಡನೆಯ ಸಲ ಕೇಳುತ್ತಿದ್ದೇನೆ. ಮೊದಲ ವಾರಗಳಲ್ಲಿ ಸೇತುವೆಯ ಭಾಗಕ್ಕೆ ಬರುವಷ್ಟರಲ್ಲಿ ಮಾತು ತುಂಡಾಗುತ್ತಿತ್ತು, ಕಂಬ ಹಿಡಿದು ನಿಲ್ಲುತ್ತಿದ್ದರು; ಈಗ ಸೇತುವೆ ದಾಟಿ, ಅಡುಗೆಯವನ ಪ್ರಸಂಗವೂ ಮುಗಿದು, ಕರ್ನಲ್ಲರನ್ನು ಬೈಯುವವರೆಗೆ ಒಂದೇ ಉಸಿರಿನಲ್ಲಿ ಬರುತ್ತದೆ. ಆಗಸ್ಟ್‌ನಲ್ಲಿ ಒಮ್ಮೆ ತೂಕ ಎರಡು ಕಿಲೋ ಏರಿತು, ಮದುವೆ ಮನೆಯ ಊಟದ ಫಲ. ಡಾಕ್ಟರ್ ನೀರಿನ ಮಾತ್ರೆ ಹೆಚ್ಚಿಸಿದರು, ನಾಲ್ಕು ದಿನ ನಡಿಗೆ ನಿಂತಿತು. ಎಕೋ ಮತ್ತೆ ಮಾಡಿಸಿದೆವು. ಇಎಫ್ ಶೇ 32. ಇಷ್ಟಕ್ಕೇನು ಎಂದು ಅತ್ತೆಯಂದಿರು ಮೂಗು ಮುರಿದರು.

ಓದುವ ವೈದ್ಯೆ

ಮೂವತ್ತೋ ಮೂವತ್ತೆರಡೋ ಎಂಬುದು ಎಕೋ ಮಾಡಿದವರ ಕಣ್ಣಳತೆಯ ವ್ಯತ್ಯಾಸವೂ ಇರಬಹುದು. ಸೇತುವೆ ದಾಟಿದ್ದನ್ನು ಮಾತ್ರ ಅತ್ತೆಯಂದಿರಿಗೆ ತೋರಿಸಿ. ಇನ್ನು ಮುಂದೆ ನಡಿಗೆಯ ಜೊತೆಗೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆ ಹಿಡಿದು ಒಂದು ಕಾಲಿನ ಮೇಲೆ ನಿಲ್ಲುವುದು, ಇವನ್ನೂ ಸೇರಿಸಿ. ಆಸ್ಪತ್ರೆ ಸೇರಿ ಬಂದ 349 ಹಿರಿಯ ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಬಲ, ಸಮತೋಲ, ಚಲನೆ, ದಮ್ಮು ನಾಲ್ಕನ್ನೂ ಒಟ್ಟಿಗೆ ತಿದ್ದಿದ್ದರು. ಅವರ ಓಡಾಟ ಸ್ಪಷ್ಟವಾಗಿ ಸುಧಾರಿಸಿತು.

ಲೆಕ್ಕ ಕೇಳುವವ

ಮತ್ತೆ ಆಸ್ಪತ್ರೆ ಸೇರುವುದು ಅದರಲ್ಲಿ ಕಡಿಮೆಯಾಗಲಿಲ್ಲ ಎಂಬುದನ್ನೂ ಸೇರಿಸಿ, ಡಾಕ್ಟರೇ.

ಓದುವ ವೈದ್ಯೆ

ಸೇರಿಸಿದೆ. ನೀವಿಲ್ಲದಿದ್ದರೆ ನನ್ನ ಊಟ ಜೀರ್ಣವಾಗುವುದಿಲ್ಲ.

ಸೋಮವಾರಪೇಟೆ ಮೇಷ್ಟ್ರು

ನಾನು ಎಂಬತ್ತರವನು. ಮೌನವಾಗಿ ಓದುತ್ತಿದ್ದೆ. ಕಳೆದ ತಿಂಗಳಿನಿಂದ ಊಟದ ಮನೆಯಿಂದ ದೇವರ ಕೋಣೆಯವರೆಗೆ ಇಪ್ಪತ್ತು ಸುತ್ತು ನಡೆಯುತ್ತಿದ್ದೇನೆ ಎಂದು ತಿಳಿಸಲು ಸ್ವಲ್ಪ ಸಂಕೋಚವಾಗುತ್ತಿದೆ.

ಸಿದ್ದಾಪುರದ ಬೆಳೆಗಾರ

ಮೇಷ್ಟ್ರೇ, ಪಂಪು ಕೆಟ್ಟ ಮೇಲೂ ಗದ್ದೆಗೆ ನೀರೇ?

ಸೋಮವಾರಪೇಟೆ ಮೇಷ್ಟ್ರು

ಗದ್ದೆಯನ್ನು ಉಳುತ್ತಿದ್ದೇನೆ, ನೀರಿನ ಮಾತು ಆಮೇಲೆ.

ಕಗ್ಗೋಡ್ಲಿನ ಮಗಳು (ಡಿಸೆಂಬರ್ 14)

ಅಕ್ಟೋಬರ್‌ನಲ್ಲಿ ಕಣದ ಪಾಚಿ ಕೆರೆಸಿ, ಅಪ್ಪನನ್ನು ಅಲ್ಲಿಗೆ ವರ್ಗಾಯಿಸಿದೆವು. ಸುತ್ತಳತೆ 70 ಮೀಟರ್. ಹದಿನಾಲ್ಕು ಸುತ್ತಿಗೆ ಹತ್ತಿರಹತ್ತಿರ ಒಂದು ಕಿಲೋಮೀಟರ್, ಇಪ್ಪತ್ತು ನಿಮಿಷದೊಳಗೆ ಮುಗಿಸುತ್ತಾರೆ. ಗೇಟಿನವರೆಗೆ ಈಗ ಒಂದೇ ಕಲ್ಲಿನ ಮೇಲೆ ಕೂರುತ್ತಾರೆ, ಅದೂ ನಾನು ಒತ್ತಾಯಿಸಿದರೆ. ಪುತ್ತರಿ ಮುಗಿಯುತ್ತಲೇ ಕೊಯ್ಲು ಶುರುವಾಗಿ ಕಣಕ್ಕೆ ಹಣ್ಣು ಬಂತು; ಇನ್ನು ಎರಡು ತಿಂಗಳು ನಡಿಗೆಗೆ ಜಾಗವಿಲ್ಲ, ಮತ್ತೆ ಜಗಲಿಗೇ ಹೋಗಬೇಕು ಎಂದುಕೊಂಡಿದ್ದೆ. ನಿನ್ನೆ ಸಂಜೆ ನೋಡಿದರೆ, ಆಳುಗಳು ಕಾಫಿಯನ್ನು ಕಣದ ಅಂಚಿಗೆ ಮುಟ್ಟಿಸದೆ, ಸುತ್ತಲೂ ಮೂರು ಅಡಿ ಸಿಮೆಂಟು ಬಿಟ್ಟು ಹರಡಿದ್ದಾರೆ. ಯಾರು ಹೇಳಿದ್ದು ಎಂದು ಕೇಳಿದೆ. ಸುಬೇದಾರರ ಆರ್ಡರ್ ಎಂದರು.